ಪತ್ರಿಕೆ ನಮ್ಮದು, ದಾರಿ ಯಾರದು?

1920ರ ಜನವರಿ 31ರಂದು ಮುಂಬಯಿಯಲ್ಲಿ 'ಮೂಕನಾಯಕ' ಪಾಕ್ಷಿಕದ ಮೊದಲ ಸಂಚಿಕೆ ಹೊರಬಂತು. ಇಂಥದೊಂದು ಪತ್ರಿಕೆ ಬಂದಿದೆ ಅಂತ ನಾಲ್ಕು ಜನಕ್ಕೆ ತಿಳಿಯಬೇಕಲ್ಲ, ಅದಕ್ಕಾಗಿ ಪುಣೆಯ 'ಕೇಸರಿ'ಗೆ ಒಂದು ಜಾಹೀರಾತು ಕಳಿಸಿದರು. ಪುಕ್ಕಟೆ ಹಾಕಿ ಅಂತ ಕೇಳಿರಲಿಲ್ಲ, ದುಡ್ಡು ಕೊಡುತ್ತೇವೆ ಅಂದಿದ್ದರು. 'ಕೇಸರಿ' ಹಾಕಲಿಲ್ಲ. ತಿಲಕರು ಆಗಿನ್ನೂ ಬದುಕಿದ್ದರು. ವರ್ಷಗಳು ಕಳೆದ ಮೇಲೂ ಅಂಬೇಡ್ಕರ್ ಇದನ್ನು ಮರೆತಿರಲಿಲ್ಲ. 'ಬಹಿಷ್ಕೃತ ಭಾರತ'ದಲ್ಲಿ ನೆನೆದು ಬರೆದರು.

ನಮ್ಮ ಸಭೆಗಳಲ್ಲಿ ಈ ಪ್ರಸಂಗವನ್ನು ಅವಮಾನದ ಕಥೆಯಾಗಿ ಹೇಳುತ್ತೇವೆ. ಅವಮಾನವೇ, ಅನುಮಾನವಿಲ್ಲ. ಆದರೆ ಅದರೊಳಗೆ ಇನ್ನೊಂದು ಸಂಗತಿ ಇದೆ. ಬರೆಯುವುದನ್ನು ಯಾರೂ ತಡೆಯಲಿಲ್ಲ, ಅಚ್ಚು ಹಾಕುವುದನ್ನೂ ತಡೆಯಲಿಲ್ಲ. ಬರೆದದ್ದು ಓದುಗನ ಬಾಗಿಲಿಗೆ ಹೋಗುವ ದಾರಿಯನ್ನು ಮುಚ್ಚಿದರು. ಊರ ಬೀದಿಯಲ್ಲಿ ಕೇರಿಯವನು ಚಪ್ಪಲಿ ಮೆಟ್ಟಿ ನಡೆಯಬಾರದು ಅಂದ ಕಟ್ಟಳೆಯೇ ಅಕ್ಷರದ ಬೀದಿಗೂ ಬಂದು ಕೂತಿತ್ತು. ನಮ್ಮ ದಲಿತ ವಿಮರ್ಶೆ ಕೃತಿಯನ್ನು ನೋಡಿದೆ, ಸಂವೇದನೆಯನ್ನು ನೋಡಿದೆ, ಭಾಷೆಯನ್ನು ನೋಡಿದೆ. ಆ ಕೃತಿ ಯಾವ ಕೈಯಿಂದ ಯಾವ ಕೈಗೆ ಹೋಯಿತು, ಯಾರು ಕಾಸು ಕೊಟ್ಟರು, ಯಾರು ಓದಿ ಹೇಳಿದರು ಅನ್ನುವುದನ್ನು ನೋಡಿದ್ದು ಕಡಿಮೆ. ಓದುಗರನ್ನು ಕೂಡಿಸಿದ ಚರಿತ್ರೆಯೇ ನಮ್ಮಲ್ಲಿ ಬಿಟ್ಟುಹೋದ ಅಧ್ಯಾಯ.

ಈ ಯೋಚನೆ ಬಂದದ್ದಕ್ಕೆ ಒಂದು ಕಾರಣವಿದೆ. ನಾನು ಪಾಠ ಮಾಡುವ ಕಾಲೇಜಿನ ಹಾಸ್ಟೆಲ್ ಹುಡುಗರು ಕೆಲವರು ಸೇರಿ ತಮ್ಮ ಬರಹಗಳಿಗೆ ಅಂತ ಒಂದು ಪುಟ ಶುರು ಮಾಡಿದರು. ಮೂರು ತಿಂಗಳಿಗೆ ಒಬ್ಬ ಬಂದು, "ಸಾರ್, ನಾವೇ ಬರ್ಕೊಂಡು ನಾವೇ ಓದ್ಕೊಂಡು ನಾವೇ ಲೈಕ್ ಒತ್ಕೊಂಡು ಕೂತಿದೀವಿ. ಇದನ್ನ ಬೆಳೆಸೋದು ಹೆಂಗೆ?" ಅಂದ. ಬೆಳೆಸುವ ಬಗ್ಗೆ ಉಪದೇಶಕ್ಕೇನೂ ಬರವಿಲ್ಲ. ದಿನಾ ಇಷ್ಟು ಹೊತ್ತಿಗೆ ಹಾಕಿ, ತಲೆಬರಹ ಹೀಗಿರಲಿ, ಫೋಟೋ ಹಾಕಿ, ಎಲ್ಲಾ ಜಾಲತಾಣಗಳಲ್ಲೂ ಹಂಚಿ, ಗುಂಪುಗಳಿಗೆ ಸೇರಿ. ಇದೆಲ್ಲ ಸುಳ್ಳಲ್ಲ. ಆದರೆ ಈ ಉಪದೇಶ ಬೀದಿ ಎಲ್ಲರದೂ ಅಂತ ನಂಬಿಕೊಂಡು ಹೊರಟಿದೆ. ಬೀದಿ ಎಲ್ಲರದೂ ಆಗಿರಲಿಲ್ಲ ಅನ್ನುವುದು ನಮಗೆ ಗೊತ್ತು. ಹಾಗಾಗಿ ಅವನಿಗೆ ಉತ್ತರ ಹೇಳುವ ಮೊದಲು ನಾನು ಹಳೆಯ ಪತ್ರಿಕೆಗಳ ಕಡೆಗೆ ಹೋಗಬೇಕಾಯಿತು.

ಕೃಷ್ಣರಾವ್ ಭಾಲೇಕರ್ 1877ರಲ್ಲಿ ಪುಣೆಯಲ್ಲಿ 'ದೀನಬಂಧು' ಶುರು ಮಾಡಿದರು. ಫುಲೆಯವರ ಸತ್ಯಶೋಧಕ ಚಳವಳಿಯ ಪತ್ರಿಕೆ ಅದು. ಮುಂದೆ ನಾರಾಯಣ ಮೇಘಾಜಿ ಲೋಖಂಡೆ ಅದನ್ನು ಮುಂಬಯಿಗೆ ತಂದು ಗಿರಣಿ ಕಾರ್ಮಿಕರ ನಡುವೆ ನಿಲ್ಲಿಸಿದರು. ಸೈನ್ಯದಿಂದ ನಿವೃತ್ತರಾಗಿ ಬಂದ ಗೋಪಾಲಬಾಬಾ ವಲಂಗ್‌ಕರ್ ಮಹಾರ್ ಜನರ ಪರವಾಗಿ ಮೊದಲು ಬರೆದದ್ದು ಈ 'ದೀನಬಂಧು'ವಿನ ಪುಟಗಳಲ್ಲಿ. ತಮ್ಮದೇ ಪತ್ರಿಕೆ ಇಲ್ಲದಾಗ ಸ್ನೇಹದ ಮನೆಯ ಜಗಲಿಯಲ್ಲಿ ಕೂತು ಮಾತಾಡುವ ಕ್ರಮ ಇದು. 1893ರಲ್ಲಿ ಮದ್ರಾಸಿನಲ್ಲಿ ರೆಟ್ಟಮಲೈ ಶ್ರೀನಿವಾಸನ್ 'ಪರೈಯನ್' ತಂದರು. ಬೈಗುಳದ ಹೆಸರನ್ನೇ ಪತ್ರಿಕೆಯ ಹಣೆಗೆ ಬರೆದುಕೊಂಡರು. 1908ರಲ್ಲಿ ಶಿವರಾಂ ಜಾನಬಾ ಕಾಂಬ್ಳೆಯವರ 'ಸೋಮವಂಶೀಯ ಮಿತ್ರ' ಬಂತು. ನಾಗಪುರದ ಕಿಸನ್ ಫಾಗೂಜಿ ಬನಸೋಡೆ ಒಂದಾದ ಮೇಲೊಂದು ಪತ್ರಿಕೆ ತಂದರು, ಸ್ವಂತ ಮುದ್ರಣಾಲಯವನ್ನೂ ಇಟ್ಟುಕೊಂಡರು. ಇವುಗಳಲ್ಲಿ ಬಹುಪಾಲು ಹೆಚ್ಚು ಕಾಲ ಬಾಳಲಿಲ್ಲ. 'ನಮ್ಮವರಿಗೆ ಓದುವ ಅಭ್ಯಾಸ ಇಲ್ಲ' ಅಂತ ಕಾರಣ ಕೊಡುವವರಿದ್ದಾರೆ. ಈ ಕಾರಣವನ್ನು ನಾನು ಒಪ್ಪುವುದಿಲ್ಲ. ಯಾಕೆ ಅನ್ನುವುದಕ್ಕೆ ಅಯೋತಿದಾಸ್ ಪಂಡಿತರ ಪತ್ರಿಕೆಯನ್ನು ನೋಡಬೇಕು.

ಅಯೋತಿದಾಸರು ಸಿದ್ಧವೈದ್ಯರು. 1907ರ ಜೂನ್ 19ರಂದು ಮದ್ರಾಸಿನ ರಾಯಪೇಟೆಯಿಂದ ವಾರಪತ್ರಿಕೆ ಶುರು ಮಾಡಿದಾಗ ಅದಕ್ಕೆ ಇಟ್ಟ ಹೆಸರು 'ಒರು ಪೈಸಾ ತಮಿಳನ್'. ಬೆಲೆಯೇ ಹೆಸರು! ಆಗ ರೂಪಾಯಿಗೆ ಅರವತ್ತನಾಲ್ಕು ಪೈಸೆ. ಕೂಲಿಯವನ ಜೇಬಿನಲ್ಲಿ ಇರಬಹುದಾದ ನಾಣ್ಯ ಯಾವುದೋ ಅದನ್ನು ನೋಡಿ ಪತ್ರಿಕೆಗೆ ನಾಮಕರಣ ಮಾಡಿದ ಸಂಪಾದಕ ಈ ದೇಶದಲ್ಲಿ ಇನ್ನೊಬ್ಬರು ಇದ್ದಾರೋ ಇಲ್ಲವೋ. ಒಂದು ವರ್ಷದ ಮೇಲೆ ಹೆಸರು 'ತಮಿಳನ್' ಅಂತಷ್ಟೇ ಉಳಿಯಿತು. ಅದರಲ್ಲಿ ಬೌದ್ಧ ಚರಿತ್ರೆ ಇತ್ತು, ಸರ್ಕಾರದ ನೀತಿಯ ಚರ್ಚೆ ಇತ್ತು, ಸ್ವದೇಶಿ ಚಳವಳಿಯ ಜಾತಿಮುಖದ ವಿಮರ್ಶೆ ಇತ್ತು. ಓದುಗರು ಪ್ರಶ್ನೆ ಕೇಳಿ ಬರೆಯುತ್ತಿದ್ದರು, ಪಂಡಿತರು ಉತ್ತರಿಸುತ್ತಿದ್ದರು. ಪ್ರಶ್ನೆ ಕೇಳಿದವನ ಹೆಸರೂ ಊರೂ ಅಚ್ಚಾದರೆ ಏನಾಗುತ್ತದೆ ಅನ್ನುವುದನ್ನು ಹಳ್ಳಿಯಿಂದ ಬಂದ ನಾವು ಊಹಿಸಬಲ್ಲೆವು. ಆ ಹಾಳೆ ಆ ಊರಿನ ಪ್ರತಿ ಮನೆಗೂ ಹೋಗಿ ಬರುತ್ತದೆ.

'ತಮಿಳನ್' ಓದುತ್ತಿದ್ದವರು ಎಲ್ಲಿದ್ದರು ಅನ್ನುವುದು ಬಹಳ ಮುಖ್ಯ. ಮದ್ರಾಸು ಬಿಟ್ಟರೆ ರಂಗೂನ್, ದಕ್ಷಿಣ ಆಫ್ರಿಕ, ಮತ್ತೆ ನಮ್ಮ ಕೋಲಾರ ಚಿನ್ನದ ಗಣಿ. ಜಮೀನ್ದಾರನ ಹೊಲದಲ್ಲಿ ಕಾಳು ಕೂಲಿಗೆ ದುಡಿಯುವವನು ಇಡೀ ಊರಿಗೆ ಒಬ್ಬನೇ ಇದ್ದರೂ ಚಂದಾ ಕಟ್ಟಲಾರ, ಯಾಕಂದ್ರೆ ಅವನ ಕೈಗೆ ನಾಣ್ಯವೇ ಬರುವುದಿಲ್ಲ. ಗಣಿಯಲ್ಲಿ, ಹಡಗುಕಟ್ಟೆಯಲ್ಲಿ, ಸೈನ್ಯದಲ್ಲಿ, ಗಿರಣಿಯಲ್ಲಿ ಇದ್ದವನಿಗೆ ಸಂಬಳದ ದಿನ ಅಂತ ಒಂದಿದೆ, ಸುತ್ತ ತನ್ನ ಜನ ಇದ್ದಾರೆ, ಅಂಚೆ ಬರುತ್ತದೆ. ದಲಿತ ಪತ್ರಿಕೆಯ ಭೂಪಟ ಬಿಡಿಸಿದರೆ ಅದು ನಗದು ಕೂಲಿಯ ಭೂಪಟ, ರೈಲು ಮತ್ತು ಅಂಚೆಯ ಭೂಪಟ. ಓದುವ ಹಸಿವು ಎಲ್ಲ ಕಡೆಯೂ ಇತ್ತು; ಕಾಸು ಮತ್ತು ಅಂಚೆ ಇದ್ದ ಕಡೆ ಅದು ಪತ್ರಿಕೆಯಾಗಿ ಕಾಣಿಸಿತು. ಮೈಸೂರು ಸಂಸ್ಥಾನದ ಒಳಗೇ ಇದ್ದ ಕೆ.ಜಿ.ಎಫ್.ನ ಗಣಿ ಕಾರ್ಮಿಕರು ಅಯೋತಿದಾಸರ ಬೌದ್ಧ ಸಂಘವನ್ನು ತಮ್ಮ ಲೈನ್‌ಗಳಲ್ಲಿ ಕಟ್ಟಿದರು. ಪಂಡಿತರು 1914ರಲ್ಲಿ ತೀರಿಕೊಂಡ ಮೇಲೆ ನಿಂತುಹೋಗಿದ್ದ 'ತಮಿಳನ್' 1926ರಲ್ಲಿ ಮತ್ತೆ ಬಂದದ್ದು ಮದ್ರಾಸಿನಿಂದಲ್ಲ, ಚಾಂಪಿಯನ್ ರೀಫ್ಸ್‌ನಿಂದ, ಜಿ. ಅಪ್ಪಾದುರೈಯವರ ಸಂಪಾದಕತ್ವದಲ್ಲಿ. ಅಲ್ಲಿನ ಸಿದ್ಧಾರ್ಥ ಪುಸ್ತಕಾಲಯ ಪಂಡಿತರ ಬರಹಗಳನ್ನು ಪುಸ್ತಕವಾಗಿ ತಂದಿತು. ಅಂದರೆ ಓದುಗರೇ ಪತ್ರಿಕೆಯನ್ನು ಎತ್ತಿಕೊಂಡು ತಮ್ಮ ಊರಿಗೆ ಕರೆದುಕೊಂಡು ಹೋದರು. ಕನ್ನಡದ ಬೌದ್ಧಿಕ ಚರಿತ್ರೆ ಬರೆಯುವವರು ಬೆಂಗಳೂರು, ಮೈಸೂರು, ಧಾರವಾಡಗಳ ನಡುವೆಯೇ ಓಡಾಡುತ್ತಾರೆ. ಬೆಂಗಳೂರಿನಿಂದ ನೂರು ಕಿಲೋಮೀಟರು ದೂರದಲ್ಲಿ, ತಮಿಳಿನಲ್ಲಿ ನಡೆದದ್ದು ಅನ್ನುವ ಕಾರಣಕ್ಕೆ ಇದು ನಮ್ಮ ಚರಿತ್ರೆಯಲ್ಲ ಅಂತ ಬಿಟ್ಟಿದ್ದೇವೆ. ಇದು ನಾಚಿಕೆಯ ಸಂಗತಿ.

ಈಗ ಮತ್ತೆ 'ಮೂಕನಾಯಕ'ಕ್ಕೆ. ಕೊಲ್ಹಾಪುರದ ಶಾಹೂ ಮಹಾರಾಜರು 2500 ರೂಪಾಯಿ ಕೊಟ್ಟರು. ಅಂಬೇಡ್ಕರ್ ಆಗ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಸರ್ಕಾರಿ ಪ್ರೊಫೆಸರ್, ಹೆಸರು ಹಾಕಿಕೊಳ್ಳುವಂತಿರಲಿಲ್ಲ. (ಕೆಲಸ ಉಳಿಸಿಕೊಂಡು ಬರೆಯುವ ನಮ್ಮಂಥ ಉಪನ್ಯಾಸಕರಿಗೆ ಇದು ಬೇಗ ಅರ್ಥವಾಗುತ್ತದೆ.) ಸಂಪಾದಕರಾಗಿ ಪಾಂಡುರಂಗ ಭಟಕರ್ ಅವರ ಹೆಸರು ಇತ್ತು, ಆಮೇಲೆ ಘೋಲಪ್ ಬಂದರು. ಮಾರ್ಚಿಯಲ್ಲಿ ಕೊಲ್ಹಾಪುರ ಸಂಸ್ಥಾನದ ಮಾಣಗಾಂವ್‌ನಲ್ಲಿ ಪರಿಷತ್ತು ನಡೆಯಿತು, ಅದರ ವರದಿ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಅಂಬೇಡ್ಕರ್ ಲಂಡನ್ನಿಗೆ ಓದಲು ಹೋದರು. ಅವರು 1923ರಲ್ಲಿ ಮರಳಿ ಬರುವ ಹೊತ್ತಿಗೆ 'ಮೂಕನಾಯಕ' ಮುಗಿದ ಕಥೆ. ದಾನಿಯ ದುಡ್ಡು ಪತ್ರಿಕೆಯನ್ನು ಹುಟ್ಟಿಸಬಹುದು, ತಿಂಗಳು ತಿಂಗಳೂ ಸಾಕುವುದಕ್ಕೆ ಬೇರೆ ಏನೋ ಬೇಕು.

ಆ ಬೇರೆ ಏನೋ 1927ರಲ್ಲಿ ಕಾಣಿಸಿಕೊಂಡಿತು. ಮಾರ್ಚ್ 19 ಮತ್ತು 20ರಂದು ಮಹಾಡ್‌ನಲ್ಲಿ ಪರಿಷತ್ತು ಸೇರಿ ಚವದಾರ್ ಕೆರೆಯ ನೀರು ಮುಟ್ಟಿದರು. ಮುಟ್ಟಿದ ಜನಕ್ಕೆ ಏಟು ಬಿತ್ತು. 'ಬಹಿಷ್ಕೃತ ಭಾರತ'ದ ಮೊದಲ ಸಂಚಿಕೆ ಏಪ್ರಿಲ್ 3ರಂದು. ನಡುವೆ ಎರಡೇ ವಾರ! ಮಹಾಡ್‌ನಲ್ಲಿ ನಿಜಕ್ಕೂ ಏನಾಯಿತು ಅಂತ ತಿಳಿಯಲು ಕಾಯುತ್ತಿದ್ದ ಜನ ಎಷ್ಟೋ ಊರುಗಳಲ್ಲಿ ಇದ್ದರು. ಹಳೆಯ ಪತ್ರಿಕೆಗಳು ಅದನ್ನು ಹೇಳುವ ರೀತಿಯೇ ಬೇರೆ. ಇಲ್ಲಿ ಪತ್ರಿಕೆ ಓದುಗರನ್ನು ಹುಡುಕಿಕೊಂಡು ಹೋಗಲಿಲ್ಲ. ಕೆರೆಗೆ ಹೋದವರು, ಹೋಗಲಾರದೆ ಉಳಿದವರು, ಏಟು ತಿಂದವರ ನೆಂಟರು, ಇವರೆಲ್ಲ ಆಗಲೇ ಓದುಗರಾಗಿದ್ದರು. ಡಿಸೆಂಬರ್ 25ಕ್ಕೆ ಮನುಸ್ಮೃತಿ ಸುಟ್ಟರು. ಚಳವಳಿ ಮುಂದೆ, ಪತ್ರಿಕೆ ಅದರ ಬೆನ್ನಿಗೆ. ಕನ್ನಡದಲ್ಲೂ 1973ರ ಬೂಸಾ ಪ್ರಕರಣದ ನಂತರ ಹೀಗೇ ಆಯಿತು. ಬಸವಲಿಂಗಪ್ಪನವರ ಒಂದು ಮಾತಿಗೆ ಹಾಸ್ಟೆಲ್ ಹುಡುಗರ ಮೇಲೆ ಕಲ್ಲು ಬಿದ್ದಾಗ ಆ ಹುಡುಗರಿಗೆ ಒಂದು ಪತ್ರಿಕೆಯ ಅಗತ್ಯ ಬಿತ್ತು. 'ಪಂಚಮ' ಬಂದದ್ದು ಆ ಅಗತ್ಯದಿಂದ.

ಆದರೂ 'ಬಹಿಷ್ಕೃತ ಭಾರತ' 1929ರ ನವೆಂಬರಿನಲ್ಲಿ ನಿಂತಿತು. ಬರೆಯುವವರು ಬೇರೆ ಇಲ್ಲದೆ 24 ಅಂಕಣಗಳನ್ನೂ ತಾವೊಬ್ಬರೇ ತುಂಬಬೇಕಾಗಿದೆ ಅಂತ ಅಂಬೇಡ್ಕರ್ 1928ರಲ್ಲಿ ಸಂಕಟದಿಂದ ಬರೆದಿದ್ದಾರೆ. ಪತ್ರಿಕೆಯ ಸಾಲ ಒಬ್ಬನ ಸಾಲವೋ ಸಮಾಜದ ಸಾಲವೋ ಅಂತ ಓದುಗರನ್ನೇ ಕೇಳಿದ್ದಾರೆ. 1931ರ ಜನಗಣತಿಯ ಹೊತ್ತಿಗೂ ಇಡೀ ದೇಶದಲ್ಲಿ ಓದುಬಲ್ಲವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಅಸ್ಪೃಶ್ಯರಲ್ಲಿ ಇನ್ನೆಷ್ಟು ಇರಬಹುದು? ಓದುಬಲ್ಲ ಒಬ್ಬ ಓದಿ ಹೇಳಿದ್ದನ್ನು ಕೇರಿಯೇ ಕೂತು ಕೇಳುವ ಕಾಲ ಅದು. ಕೇಳಿದವರೆಲ್ಲ ಪತ್ರಿಕೆಯವರೇ, ಚಂದಾ ಕಟ್ಟಿದವನು ಮಾತ್ರ ಒಬ್ಬ. ಲೆಕ್ಕದ ಪುಸ್ತಕದಲ್ಲಿ ಕಾಣುವ ಓದುಗನಿಗೂ ನಿಜವಾದ ಓದುಗನಿಗೂ ಇಷ್ಟು ಅಂತರ ಇದ್ದರೆ ಆ ಪತ್ರಿಕೆ ಬೆಳೆದಿದೆ ಅನ್ನಬೇಕೋ ಸೋತಿದೆ ಅನ್ನಬೇಕೋ? ನನ್ನ ಪ್ರಕಾರ ಅದು ಬೆಳೆದು, ಬೆಳೆದದ್ದರ ಖರ್ಚು ಹೊರಲಾರದೆ ನಿಂತಿತು. 1945ರ ಕಾಂಗ್ರೆಸ್ಸು-ಗಾಂಧಿ ಕುರಿತ ಪುಸ್ತಕದಲ್ಲಿ ಅಂಬೇಡ್ಕರ್ ಇದನ್ನು ನೇರವಾಗಿ ಹೇಳಿಬಿಟ್ಟರು. ಅಸ್ಪೃಶ್ಯರಿಗೆ ಪತ್ರಿಕೆ ಇಲ್ಲ, ಜಾಹೀರಾತಿನ ಆದಾಯ ಇಲ್ಲದೆ ಪತ್ರಿಕೆ ಉಳಿಯುವುದಿಲ್ಲ, ಸುದ್ದಿ ಹಂಚುವ ಸಂಸ್ಥೆಯಲ್ಲಿ ಕೂತವರು ಮದ್ರಾಸಿನ ಬ್ರಾಹ್ಮಣರು ಅಂತ. ಮೂರೂ ದಾರಿಯ ಮಾತುಗಳೇ.

ಹಾಳೆ ಹೋಗಲಾರದ ಕಡೆ ಹಾಡು ಹೋಯಿತು. ಮಹಾರಾಷ್ಟ್ರದಲ್ಲಿ 1930ರ ದಶಕದಲ್ಲಿ ಭೀಮರಾವ್ ಕರ್ಡಕ್ ಮುಂತಾದವರ ಜಲಸಾ ಮೇಳಗಳು ಊರೂರು ಸುತ್ತಿದವು. ತಮಾಷಾ ಆಟದ ಚೌಕಟ್ಟು, ಗಣಪತಿ ಸ್ತುತಿಯ ಜಾಗದಲ್ಲಿ ಬೇರೆ ಸ್ತುತಿ, ನಡುವೆ ಮಾತಿನ ವರಸೆ, ಅದರೊಳಗೆ ಮಹಾಡ್, ನಾಸಿಕ, ಶಿಕ್ಷಣ, ಸತ್ತ ದನದ ಮಾಂಸ ಬಿಡುವ ಮಾತು. ಅಕ್ಷರ ಬಾರದವನೂ ಮಾರನೆಯ ದಿನ ಗುನುಗಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಇದೇ ಸಾಮಾಜಿಕ ಜಾಲತಾಣ, ಅದೂ ನಿಜವಾದ ಅರ್ಥದಲ್ಲಿ ಸಾಮಾಜಿಕ. ಕನ್ನಡಕ್ಕೆ ಬಂದರೆ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಆ ಕವಿತೆಗಳನ್ನು ಪುಸ್ತಕದಲ್ಲಿ ಓದಿದವರಿಗಿಂತ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ, ತಮಟೆಯ ಜೊತೆ ಕೇಳಿದವರು ಎಷ್ಟು ಪಟ್ಟು ಹೆಚ್ಚು ಅಂತ ಲೆಕ್ಕ ಹಾಕುವುದು ಕಷ್ಟ. ನಮ್ಮ ಪಂಡಿತ ವಿಮರ್ಶಕರು ಆ ಕವಿತೆಗಳು 'ಘೋಷಣೆ' ಅಂತ ಮೂಗು ಮುರಿದರು. ಘೋಷಣೆ ಹೋದಷ್ಟು ದೂರ ಅವರ ನವ್ಯ ಕವಿತೆ ಹೋಯಿತೇ?

ಎದುರಾಳಿಯ ದಾರಿಯಲ್ಲೂ ಹೋಗಬಹುದು ಅನ್ನುವುದಕ್ಕೆ 'ಜಾತಿ ವಿನಾಶ'ದ ಕಥೆ ಇದೆ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ 1936ರಲ್ಲಿ ಕರೆದು, ಭಾಷಣ ನೋಡಿ ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿತು. ಅಂಬೇಡ್ಕರ್ ತಮ್ಮ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಎರಡು ತಿಂಗಳಲ್ಲಿ ಮುಗಿದವು. ಗಾಂಧಿ 'ಹರಿಜನ'ದಲ್ಲಿ ಅದರ ವಿರುದ್ಧ ಬರೆದರು. ಬರೆಯುವಾಗ, ಎಂಟಾಣೆ ಬೆಲೆ ಹೆಚ್ಚಾಯಿತು, ಎರಡಾಣೆಗೆ, ಕಡೇಪಕ್ಷ ನಾಲ್ಕಾಣೆಗೆ ಇಳಿಸಬೇಕು ಅಂತ ಸಲಹೆಯನ್ನೂ ಕೊಟ್ಟರು. ಅಂಬೇಡ್ಕರ್ ಏನು ಮಾಡಿದರು? ಗಾಂಧಿಯವರ ಲೇಖನವನ್ನೂ ಅದಕ್ಕೆ ತಮ್ಮ ಉತ್ತರವನ್ನೂ ಸೇರಿಸಿ 1937ರಲ್ಲಿ ಎರಡನೇ ಮುದ್ರಣ ತಂದರು. ಅಷ್ಟರಲ್ಲಿ ಗುಜರಾತಿ, ತಮಿಳು ಅನುವಾದಗಳು ಬಂದಿದ್ದವು. ನೇರ ಮಾತಾಡುವವನ ಮೇಲೆ ಬೀಳುವ ಜಗಳ ಅವನ ಪುಸ್ತಕವನ್ನು ಹೊತ್ತುಕೊಂಡು ಹೋಗುತ್ತದೆ. ಆದರೆ ಒಂದು ಷರತ್ತು ಇದೆ: ಉತ್ತರ ಅವರ ಜಾಗದಲ್ಲಿ ಮುಗಿದುಹೋಗಬಾರದು, ನಮ್ಮ ಪುಸ್ತಕದೊಳಕ್ಕೆ ಬರಬೇಕು. ಇವತ್ತು ನಮ್ಮ ಹುಡುಗರು ರಾತ್ರಿಯೆಲ್ಲ ಯಾರದೋ ಗೋಡೆಯ ಮೇಲೆ ನೂರು ಪ್ರತಿಕ್ರಿಯೆ ಬರೆದು ಬೆಳಗ್ಗೆ ಎದ್ದರೆ, ಆ ಗೋಡೆಯವನು ಎಲ್ಲಾ ಅಳಿಸಿಬಿಟ್ಟಿರುತ್ತಾನೆ. ಅಷ್ಟು ಬರೆದದ್ದನ್ನು ಒಂದು ಲೇಖನ ಮಾಡಿ ತಮ್ಮ ಪುಟದಲ್ಲಿ ಇಟ್ಟುಕೊಂಡಿದ್ದರೆ?

1930ರ ನವೆಂಬರ್ 24ರಂದು ಶುರುವಾದ 'ಜನತಾ' ಮಾತ್ರ ಕಾಲು ಶತಮಾನ ಬಾಳಿ, 1956ರ ಫೆಬ್ರವರಿ 4ರಂದು 'ಪ್ರಬುದ್ಧ ಭಾರತ' ಆಯಿತು. ಇದು ಯಾಕೆ ಬಾಳಿತು? ಅಂಬೇಡ್ಕರ್ ಒಬ್ಬರೇ ಬರೆಯುವ ಪತ್ರಿಕೆ ಆಗಿರಲಿಲ್ಲ. ದೇವರಾವ್ ನಾಯಕ್, ಸಹಸ್ರಬುದ್ಧೆ ಮುಂತಾದ ಸಂಪಾದಕರು ಹೊತ್ತರು. (ಈ ಇಬ್ಬರೂ ಹುಟ್ಟಿನಿಂದ ಬ್ರಾಹ್ಮಣರು ಅನ್ನುವುದನ್ನು ನಮ್ಮಲ್ಲಿ ಕೆಲವರು ಹೇಳಲು ಹಿಂಜರಿಯುತ್ತಾರೆ, ಹೇಳಬೇಕು.) ಹಿಂದೆ ಪಕ್ಷ ಇತ್ತು, ಊರೂರಿಗೆ ಶಾಖೆ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಸ್ವಂತ ಮುದ್ರಣಾಲಯ ಬಂತು. ದಾದರಿನ ಅಂಬೇಡ್ಕರ್ ಭವನದ ಆವರಣದ ಬುದ್ಧಭೂಷಣ ಪ್ರೆಸ್ ನೆನಪಿಸಿಕೊಳ್ಳಿ. 2016ರ ಜೂನ್ 25ರ ನಸುಕಿನಲ್ಲಿ ಅದನ್ನು ಯಂತ್ರ ಹಚ್ಚಿ ಉರುಳಿಸಿದರು. ಕಟ್ಟಡ ಹಳೆಯದಾಗಿತ್ತು ಅಂತ ಕಾರಣ. ಜುಲೈ 19ಕ್ಕೆ ಮುಂಬಯಿಯ ಬೀದಿ ತುಂಬಾ ಜನ ಬಂದರು. ಆ ವಯಸ್ಸಿನ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಆ ಪ್ರೆಸ್ಸಿನ ಹೆಸರು ಮೊದಲು ಕೇಳಿದ್ದೇ ಆ ವಾರ, ಫೋನಿನಲ್ಲಿ.

ಹೌದು, ಫೋನು. ಇದನ್ನು ಹಳಿಯುವವರ ಗುಂಪಿನಲ್ಲಿ ನಾನಿಲ್ಲ. ಜಾಹೀರಾತು ಹಾಕದ 'ಕೇಸರಿ'ಯ ಅಪ್ಪಣೆ ಇಲ್ಲದೆ ಮಾತಾಡಲು ಸಿಕ್ಕಿದ ಮೊದಲ ಬೀದಿ ಇದು. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ತೀರಿಕೊಂಡಾಗ ಅವನ ಕೊನೆಯ ಪತ್ರ ಯಾವ ಸಂಪಾದಕನ ಮೇಜಿನ ಮೇಲೂ ಕಾಯಲಿಲ್ಲ. 'ದಲಿತ್ ಕ್ಯಾಮೆರಾ' ಯೂಟ್ಯೂಬಿನಲ್ಲಿ ದಾಖಲಿಸಿದ ಮಾತುಗಳನ್ನು ಯಾವ ಟೀವಿಯೂ ದಾಖಲಿಸುತ್ತಿರಲಿಲ್ಲ. 2002ರಲ್ಲಿ ಚಿತ್ರಕೂಟದಿಂದ ಬುಂದೇಲಿಯಲ್ಲಿ ಶುರುವಾದ 'ಖಬರ್ ಲಹರಿಯಾ'ದ ಹೆಂಗಸರು ತಾವೇ ಬರೆದು, ತಾವೇ ಹಳ್ಳಿ ಹಳ್ಳಿಗೆ ಹೊತ್ತು ಮಾರಿ, ಆಮೇಲೆ ಅಚ್ಚು ಬಿಟ್ಟು ಫೋನಿಗೆ ಬಂದರು. ಅವರಿಗೆ ನೋಡುಗರು ಯಾವ ಊರಿನವರು ಅಂತ ಮುಖ ಗೊತ್ತಿತ್ತು, ಹೊತ್ತು ಮಾರಿದ್ದರಲ್ಲ. 2021ರ ಜನವರಿ 31ಕ್ಕೆ ಮೀನಾ ಕೋತ್ವಾಲ್ 'ದ ಮೂಕನಾಯಕ' ಅಂತಲೇ ಹೆಸರಿಟ್ಟು ಹೊಸ ಸುದ್ದಿತಾಣ ತಂದರು.

ಆದರೆ ಬೀದಿಯ ಮಾಲೀಕ ಬದಲಾಗಿದ್ದಾನೆ, ಹೋಗಿಲ್ಲ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ನಿಯಮ ತಿದ್ದಿ, ಬಂಧುಮಿತ್ರರ ಮಾತು ಮೇಲೆ, ಪತ್ರಿಕೆ-ಸಂಘಟನೆಗಳ ಪೇಜುಗಳ ಮಾತು ಕೆಳಗೆ ಅಂತ ಮಾಡಿತು. ದುಡ್ಡು ಕೊಟ್ಟರೆ ಮೇಲೆ ಬರಬಹುದು. 2019ರ ನವೆಂಬರಿನಲ್ಲಿ ಪತ್ರಕರ್ತ ದಿಲೀಪ್ ಮಂಡಲ್ ಅವರ ಖಾತೆಯನ್ನು ಟ್ವಿಟರ್ ನಿರ್ಬಂಧಿಸಿದಾಗ, ನೀಲಿ ಗುರುತು ಯಾರಿಗೆ ಕೊಡ್ತೀರಿ, ಯಾರಿಗೆ ಇಲ್ಲ ಅಂತ ಬಹುಜನ ಬರಹಗಾರರು ಜಗಳಕ್ಕೆ ನಿಂತರು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಹಳ್ಳಿಯ, ಕೇರಿಯ ಎಷ್ಟೋ ಮಕ್ಕಳು ವರ್ಷಗಟ್ಟಲೆ ಕೂಡಿಸಿಕೊಂಡಿದ್ದ ನೋಡುಗರು ಒಂದೇ ರಾತ್ರಿಗೆ ಇಲ್ಲವಾದರು. ಲಕ್ಷ ಜನ ಇದ್ದರು, ಒಬ್ಬರ ವಿಳಾಸವೂ ಅವರ ಕೈಯಲ್ಲಿ ಇರಲಿಲ್ಲ. ಪಂಡಿತರ 'ತಮಿಳನ್'ಗೆ ಚಂದಾದಾರರ ಪಟ್ಟಿಯಾದರೂ ಇತ್ತು.

ಹಾಗಾಗಿ ನಮ್ಮ ಹಾಸ್ಟೆಲ್ ಹುಡುಗರಿಗೆ ನಾನು ಹೇಳಿದ್ದು ಹೀಗೆ. ಬರಹ ಮೊದಲು ನಿಮ್ಮ ಸ್ವಂತ ಜಾಗದಲ್ಲಿ ಇರಲಿ. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂ ಎಲ್ಲ ಜಲಸಾ ಇದ್ದ ಹಾಗೆ, ಜನರನ್ನು ಕರೆದುಕೊಂಡು ಬರುವುದಕ್ಕೆ. ಕೊಡುವಾಗ ಹಾಡಿನಷ್ಟು ಚಿಕ್ಕದಾಗಿ, ಒಂದು ನಿಮಿಷದ ದನಿಯಾಗಿ ಕೊಡಿ, ಅಕ್ಷರ ಬಾರದ ನಿಮ್ಮ ಅವ್ವನೂ ಕೇಳುವ ಹಾಗೆ. ಓದಿದವರ ನಂಬರು, ಈಮೇಲು, ಊರು ಒಂದು ಪುಸ್ತಕದಲ್ಲಿ ಬರೆದಿಡಿ. ವಾಟ್ಸಪ್ ಒಂದು ಸಲಕ್ಕೆ ಐದು ಕಡೆಗಷ್ಟೇ ಮುಂದಕ್ಕೆ ಕಳಿಸಲು ಬಿಡುತ್ತದೆ, ಪರವಾಗಿಲ್ಲ. ಊರಿಗೊಬ್ಬರು ಹಂಚುವವರಿದ್ದರೆ ಸಾಕು. ವಾರಕ್ಕೊಂದೇ ಆದರೂ ಅದೇ ವಾರ ಬರಲಿ. ಒಬ್ಬನೇ 24 ಅಂಕಣ ತುಂಬಬೇಡಿ. ಪ್ರಶ್ನೆ ಕೇಳಿದವರಿಗೆ ಹೆಸರು ಹಿಡಿದು ಉತ್ತರ ಕೊಡಿ.

ಇನ್ನೊಂದು ಸಣ್ಣ ವಿಷಯ, ಆದರೆ ಇದರಲ್ಲೇ ಬಹಳ ಜನ ಸೋಲುವುದು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಡಿ.ಟಿ.ಪಿ. ಮಾಡಿಸಿದ್ದನ್ನು ಹಾಗೇ ಜಾಲಕ್ಕೆ ಹಾಕಿದರೆ ಅದು ಗೀಚುಬರಹವಾಗುತ್ತದೆ. ಯೂನಿಕೋಡ್ ಮಾಡದೆ ಹಾಕಿದ ಕನ್ನಡ ಹುಡುಕಿದವರಿಗೆ ಸಿಗುವುದಿಲ್ಲ. ಲೇಖನವನ್ನು ಬಣ್ಣದ ಚಿತ್ರವಾಗಿ ಮಾಡಿ ಹಾಕುವ ಚಾಳಿ ಈಗ ಎಲ್ಲಾ ಕಡೆ ಇದೆ. ನೋಡಲು ಚೆಂದ, ಎರಡು ದಿನಕ್ಕೆ ಮರೆಯಾಗುತ್ತದೆ. ಯಾವುದೋ ಊರಿನ ಹುಡುಗಿಯೊಬ್ಬಳು ಮುಂದೊಂದು ದಿನ ತನ್ನ ಊರಿನ ಬಹಿಷ್ಕಾರದ ಪ್ರಕರಣ ಹುಡುಕಿದರೆ ನಿಮ್ಮ ಲೇಖನ ಅವಳಿಗೆ ಸಿಗಬೇಕಲ್ಲ.

ಅವರು ಒಂದು ನೋಟ್‌ಬುಕ್ಕಿನಲ್ಲಿ ವಿಳಾಸ ಬರೆಯಲು ಶುರು ಮಾಡಿದ್ದಾರೆ, ಸದ್ಯಕ್ಕೆ ನೂರಾ ಹನ್ನೊಂದು ಹೆಸರು. ನನಗೆ ಬೇಕಾಗಿರುವುದು ಇನ್ನೂ ಹಳೆಯ ಪುಸ್ತಕಗಳು. 'ಪಂಚಮ'ದ, ಎಪ್ಪತ್ತು ಎಂಬತ್ತರ ದಶಕದ ಬೇರೆ ದಲಿತ ಪತ್ರಿಕೆಗಳ ಚಂದಾದಾರರ ಪಟ್ಟಿ, ಏಜೆಂಟರ ಲೆಕ್ಕ, ಮನಿಯಾರ್ಡರ್ ಚೀಟಿ, ಓದುಗರ ಕಾಗದ ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ ರದ್ದಿಗೆ ಹಾಕುವ ಮುಂಚೆ ಈ ಪತ್ರಿಕೆಗೆ ಒಂದು ಸಾಲು ತಿಳಿಸಿ. ನಾನೇ ಬಂದು ನೋಡಿ, ಫೋಟೋ ತೆಗೆದುಕೊಂಡು, ಇದ್ದ ಕಡೆಯೇ ಇಟ್ಟು ಬರುತ್ತೇನೆ.